ಒಗ್ಗರಣೆಯ ಹೊಗೆ, ಒಣಗದ ಬಟ್ಟೆ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಸಾಲಿಸಿಟರ್ ಕಡೆಯಿಂದ ಬರುವ ಕಾಗದದ ಕಟ್ಟಿನಲ್ಲಿ ಟಿಎ10 ಎಂಬ ನಮೂನೆಯೊಂದಿರುತ್ತದೆ. ಮಾರುವವರು ಏನನ್ನು ಬಿಟ್ಟುಹೋಗುತ್ತಾರೆ, ಏನನ್ನು ಕಿತ್ತುಕೊಂಡು ಹೋಗುತ್ತಾರೆ ಎಂಬ ಪಟ್ಟಿ ಅದು. ಒಲೆ, ಓವನ್, ಚಿಮಣಿ, ಫ್ರಿಜ್, ವಾಷಿಂಗ್ ಮಷೀನ್‌ನಿಂದ ಹಿಡಿದು ಕರ್ಟನ್ ಕಂಬಿಯವರೆಗೆ ಒಂದೊಂದಕ್ಕೂ ಟಿಕ್ ಹಾಕಿರುತ್ತಾರೆ. ಸರ್ವೇ ವರದಿಯನ್ನು ನಾಲ್ಕು ಸಲ ಓದುವವರೂ ಇದನ್ನು ಹಾಗೇ ಮಡಚಿಡುತ್ತಾರೆ. ಮೊದಲ ಮನೆಗೆ ಯಂತ್ರಗಳ ಖರೀದಿ ಶುರುವಾಗಬೇಕಾದದ್ದು ಅಂಗಡಿಯಲ್ಲಲ್ಲ, ಈ ಪಟ್ಟಿಯಲ್ಲಿ.

ಬ್ರಿಟನ್ನಿಗೆ ಬಂದ ಕನ್ನಡಿಗರಲ್ಲಿ ಹಿಂದಿನ ತಲೆಮಾರಿನ ಅನೇಕರು ಎನ್‌ಎಚ್‌ಎಸ್ ಡಾಕ್ಟರುಗಳು. ಆಸ್ಪತ್ರೆಯ ವಸತಿಯಲ್ಲಿದ್ದು, ನಿಧಾನವಾಗಿ ಮನೆ ಕೊಂಡು, ಸಾಮಾನನ್ನು ಒಂದೊಂದಾಗಿ ಕೂಡಿಸಿಕೊಂಡವರು. ಯಾರ್ಕ್‌ಷೈರಿನ ಈ ಹಡರ್ಸ್‌ಫೀಲ್ಡಿಗೆ ಈಗ ಬರುವವರ ಕತೆ ಬೇರೆ. ಲೀಡ್ಸಿನಲ್ಲಿ ಐಟಿ ಕೆಲಸ, ಲಿಂಡ್ಲಿಯ ರಾಯಲ್ ಇನ್ಫರ್ಮರಿಯಲ್ಲಿ ನರ್ಸ್ ಕೆಲಸ, ಇಲ್ಲವೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿ ಇಲ್ಲೇ ನಿಂತವರು. ಲೀಡ್ಸ್, ಮ್ಯಾಂಚೆಸ್ಟರ್ ಎರಡಕ್ಕೂ ರೈಲಿದೆ, ಮನೆಗಳ ಬೆಲೆ ಅಲ್ಲಿಗಿಂತ ಕಡಿಮೆ, ಹಾಗಾಗಿ ಹಡರ್ಸ್‌ಫೀಲ್ಡ್. ಬೀಗದ ಕೈ ಸಿಕ್ಕ ವಾರವೇ ಎಲ್ಲವೂ ಬೇಕು. ಕೂತು ಹುಡುಕುವುದು ಫ್ರಿಜ್ಜಿನ ಬ್ರಾಂಡು, ವಾಷಿಂಗ್ ಮಷೀನಿನ ಕಿಲೋ. ಆರು ತಿಂಗಳು ಕಳೆದ ಮೇಲೆ ಅವರ ಮನೆಗೆ ಹೋದರೆ ಕೇಳುವ ದೂರು ಮಾತ್ರ ಬೇರೆಯೇ: ಒಗ್ಗರಣೆ ಹಾಕಿದರೆ ಅಲಾರಂ ಕೂಗುತ್ತದೆ, ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು. ನಮ್ಮ ಅಡುಗೆಗೂ ಇಲ್ಲಿನ ಹವೆಗೂ ಹೊಂದುವಂತೆ ಮನೆ ಹೂಡುವವರು ಹೊಗೆ ಮತ್ತು ತೇವವನ್ನು ಹೊರಗೆ ಕಳಿಸುವ ಯಂತ್ರಕ್ಕೆ ಮೊದಲು ದುಡ್ಡು ಎತ್ತಿಡಬೇಕು, ಉಳಿದದ್ದರಲ್ಲಿ ಮಿಕ್ಕವನ್ನು ಕೊಳ್ಳಬೇಕು ಎಂಬುದು ನನ್ನ ಪಕ್ಷ.

ಕೊಳ್ಳಲು ಜಾಗಕ್ಕಂತೂ ಕೊರತೆಯಿಲ್ಲ. ಯಂತ್ರಗಳನ್ನು ಆನ್‌ಲೈನಿನಲ್ಲಿ ಮಾರುವ ವ್ಯಾಪಾರ ಬೆಳೆದದ್ದೇ ಪೆನೈನ್ ಬೆಟ್ಟಸಾಲಿನ ಈ ಕಡೆ ಆ ಕಡೆ. ಅಪ್ಲೈಯನ್ಸಸ್ ಡೈರೆಕ್ಟ್ ನಡೆಸುವ ಬೈ ಇಟ್ ಡೈರೆಕ್ಟ್ ಕಂಪನಿಯ ನೆಲೆ ಹಡರ್ಸ್‌ಫೀಲ್ಡೇ. ಬೆಟ್ಟ ದಾಟಿದರೆ ಬೋಲ್ಟನ್, ಅಲ್ಲಿ 2000ದಲ್ಲಿ ಎಒ ಹುಟ್ಟಿತು. ಅದಕ್ಕೂ ಮೊದಲು ಇದೇ ಯಾರ್ಕ್‌ಷೈರಿನ ಹಲ್ ಊರಿನಲ್ಲಿ 1933ರಲ್ಲಿ ಶುರುವಾದ ಕಾಮೆಟ್ ಇಡೀ ದೇಶಕ್ಕೆ ಫ್ರಿಜ್ಜು, ಟಿವಿ ಮಾರಿ 2012ರಲ್ಲಿ ಬಾಗಿಲು ಹಾಕಿತು. ಪೈಪೋಟಿ ಇರುವುದರಿಂದ ಬೆಲೆಯಲ್ಲಿ ಅಂಥ ದೊಡ್ಡ ಅಂತರ ಸಿಗುವುದಿಲ್ಲ. ಇನ್ನೊಂದು ಅಂಗಡಿಯಲ್ಲಿ ಇಪ್ಪತ್ತು ಪೌಂಡ್ ಉಳಿಸಲು ಎರಡು ವಾರ ಕಾಯುವುದಕ್ಕಿಂತ ಟೇಪು ಹಿಡಿದು ಮನೆ ಅಳೆಯುವುದು ಲಾಭ.

ಇಲ್ಲಿನ ಹಳೆಯ ಮನೆ ಎಂದರೆ ಮರಳುಗಲ್ಲಿನ ಸಾಲುಮನೆ. ಉಣ್ಣೆಯ ಗಿರಣಿಗಳ ಕಾಲದಲ್ಲಿ ಕಟ್ಟಿದ್ದು, ಗೋಡೆ ಒಂದೂವರೆ ಅಡಿ ದಪ್ಪ. ಲಾಕ್‌ವುಡ್, ಮಿಲ್ನ್ಸ್‌ಬ್ರಿಜ್, ಬರ್ಕ್‌ಬಿ, ಮಾರ್ಷ್ ಕಡೆ ಸಾಲು ಸಾಲಾಗಿ ಇಳಿಜಾರಿನಲ್ಲಿ ನಿಂತಿವೆ. ಅಡುಗೆಮನೆ ಚಿಕ್ಕದು, ಒಳಬಾಗಿಲು ಸಾಮಾನ್ಯವಾಗಿ 76 ಸೆಂಟಿಮೀಟರ್. ಎರಡು ಬಾಗಿಲಿನ ದೊಡ್ಡ ಅಮೆರಿಕನ್ ಫ್ರಿಜ್ಜು 91 ಸೆಂಟಿಮೀಟರ್ ಅಗಲ. ಅದರ ಕನಸು ಅಲ್ಲಿಗೆ ಮುಗಿಯಿತು. ಕೆಳಗೊಂದು ನೆಲಮಾಳಿಗೆ ಇರುತ್ತದೆ. ಫ್ರಿಜ್ಜಿಲ್ಲದ ಕಾಲದಲ್ಲಿ ಹಾಲು, ಬೆಣ್ಣೆ, ಮಾಂಸ ಇಡುತ್ತಿದ್ದ ಕಲ್ಲಿನ ಮೇಜು ಅನೇಕ ಮನೆಗಳ ನೆಲಮಾಳಿಗೆಯಲ್ಲಿ ಇವತ್ತಿಗೂ ಇದೆ. 1950ರ ದಶಕದಲ್ಲೂ ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಫ್ರಿಜ್ಜಿರಲಿಲ್ಲ. ಆ ತಂಪು ಕಲ್ಲೇ ಸಾಕಾಗುತ್ತಿತ್ತು.

ಆ ತಂಪನ್ನು ನೋಡಿದವರಿಗೆ ಫ್ರಿಜ್ಜನ್ನೂ ಅಲ್ಲೇ ಇಡೋಣ, ಅಡುಗೆಮನೆಯಲ್ಲಿ ಜಾಗ ಉಳಿಯುತ್ತದೆ ಎನ್ನಿಸುವುದು ಸಹಜ. ಇಲ್ಲೊಂದು ತೊಡಕಿದೆ. ಫ್ರಿಜ್ಜು, ಫ್ರೀಜರ್ ಎರಡೂ ಸೇರಿದ ಎಷ್ಟೋ ಯಂತ್ರಗಳಿಗೆ ಒಂದೇ ಥರ್ಮೋಸ್ಟಾಟ್, ಅದು ಇರುವುದು ಫ್ರಿಜ್ಜಿನ ಭಾಗದಲ್ಲಿ. ಸುತ್ತಲಿನ ಹವೆಯೇ ಐದಾರು ಡಿಗ್ರಿಗೆ ಇಳಿದಾಗ ಫ್ರಿಜ್ಜು ತಂಪಾಗೇ ಇದೆ ಎಂದು ಕಂಪ್ರೆಸರ್ ಓಡುವುದೇ ಇಲ್ಲ. ಓಡದಿದ್ದರೆ ಫ್ರೀಜರ್ ಕರಗುತ್ತದೆ. ಜನವರಿಯ ಚಳಿಯಲ್ಲಿ ತೆಂಗಿನತುರಿಯ ಪೊಟ್ಟಣ ನೀರಾಗಿ ಸೋರುತ್ತಿದ್ದರೆ ಕಾರಣ ಇದು. ಯಂತ್ರದ ಮೇಲಿನ ಚೀಟಿಯಲ್ಲಿ ಹವಾಮಾನದ ದರ್ಜೆ ಅಚ್ಚಾಗಿರುತ್ತದೆ: ಎಸ್‌ಎನ್ ಎಂದರೆ ಸುತ್ತಲಿನ ಹವೆ 10ರಿಂದ 32 ಡಿಗ್ರಿ, ಎನ್ ಎಂದರೆ 16ರಿಂದ 32, ಟಿ ಎಂದರೆ 43ರವರೆಗೆ. ನಮ್ಮ ರಾಯಚೂರಿಗೆ ಟಿ ಬೇಕು. ಇಲ್ಲಿ ಕೆಳಗಿನ ಅಂಕಿಯೇ ಮುಖ್ಯ. ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಇಡಲೇಬೇಕೆಂದರೆ ಚಳಿಯಲ್ಲೂ ಓಡುತ್ತದೆಂದು ತಯಾರಕರು ಬರೆದುಕೊಟ್ಟ ಮಾದರಿಯನ್ನೇ ಕೇಳಿ.

ಫ್ರಿಜ್ಜಿನ ಬಗ್ಗೆ ಇನ್ನೆರಡು ಮಾತು ಸಾಕು. ನಮ್ಮವರಿಗೆ ಫ್ರೀಜರ್ ದೊಡ್ಡದಿರಬೇಕು. ಕಾಯಿತುರಿ, ಕರಿಬೇವು, ಹಿತಕಿದ ಅವರೆಬೇಳೆ, ಬ್ರ್ಯಾಡ್‌ಫರ್ಡಿಗೆ ಹೋದಾಗ ತಿಂಗಳಿಗಾಗುವಷ್ಟು ತಂದ ಪರೋಟ, ಎಲ್ಲಕ್ಕೂ ಅಲ್ಲೇ ಜಾಗ. ಅಂಗಡಿಯವರು ಹೇಳುವ 70-30ಕ್ಕಿಂತ 50-50ರ ಮಾದರಿ ನಮ್ಮ ಮನೆಗೆ ಒಪ್ಪುತ್ತದೆ. ಎರಡನೆಯದು ವಿದ್ಯುತ್ ಚೀಟಿ. 2021ರ ಮಾರ್ಚ್ 1ರಿಂದ ಎ ಪ್ಲಸ್ ಪ್ಲಸ್ ಪ್ಲಸ್‌ಗಳು ಹೋಗಿ ಎಯಿಂದ ಜಿವರೆಗಿನ ಹೊಸ ಅಳತೆ ಬಂತು, ಹಳೆಯ ಉತ್ತಮರೆಲ್ಲ ಕೆಳಗಿಳಿದರು. ಇ ದರ್ಜೆ ಕಂಡು ಗಾಬರಿಯಾಗಬೇಕಿಲ್ಲ. ಅಕ್ಷರ ಬಿಟ್ಟು ಅದರ ಕೆಳಗಿನ ಯೂನಿಟ್ಟು ನೋಡಿ. ವರ್ಷಕ್ಕೆ 250 ಯೂನಿಟ್ ತಿನ್ನುವ ಯಂತ್ರಕ್ಕೂ 170 ತಿನ್ನುವುದಕ್ಕೂ ವ್ಯತ್ಯಾಸ 80 ಯೂನಿಟ್. ಯೂನಿಟ್ಟಿಗೆ ಸುಮಾರು 25 ಪೆನ್ಸ್‌ನಂತೆ ವರ್ಷಕ್ಕೆ 20 ಪೌಂಡ್. ಅದಕ್ಕಾಗಿ ಇನ್ನೂರು ಪೌಂಡ್ ಹೆಚ್ಚಿಗೆ ಕೊಟ್ಟರೆ ಹತ್ತು ವರ್ಷಕ್ಕೆ ಸರಿಹೋಗುತ್ತದೆ, ಅಷ್ಟರಲ್ಲಿ ಫ್ರಿಜ್ಜೇ ಬದಲಾಗಿರುತ್ತದೆ.

ಒಲೆಯ ವಿಷಯಕ್ಕೆ ಬಂದರೆ ಗಂಡ ಹೆಂಡತಿಯ ನಡುವೆ ವಾದ ಹತ್ತುವುದು ಖಚಿತ: ಗ್ಯಾಸೋ, ಇಂಡಕ್ಷನ್ನೋ. ದುಡ್ಡಿನ ಲೆಕ್ಕ ಮೊದಲು ಮುಗಿಸೋಣ. 2025ರ ದರದಲ್ಲಿ ವಿದ್ಯುತ್ತು ಯೂನಿಟ್ಟಿಗೆ 25 ಪೆನ್ಸಿನ ಆಸುಪಾಸು, ಗ್ಯಾಸು ಆರರಿಂದ ಏಳು ಪೆನ್ಸ್. ಗ್ಯಾಸಿನ ಉರಿಯಲ್ಲಿ ಪಾತ್ರೆಗೆ ಸೇರುವುದು ಹೆಚ್ಚೆಂದರೆ ಅರ್ಧದಷ್ಟು ಶಾಖ, ಇಂಡಕ್ಷನ್ನಿನಲ್ಲಿ ನೂರಕ್ಕೆ ಎಂಬತ್ತರ ಮೇಲೆ. ಆ ಸೋರಿಕೆಯನ್ನು ಹಿಡಿದು ಲೆಕ್ಕ ಹಾಕಿದರೂ ಗ್ಯಾಸೇ ಅಗ್ಗ. ಆದರೆ ಒಲೆಗೆ ತಗಲುವ ಒಟ್ಟು ಖರ್ಚೇ ಸಣ್ಣದು, ಮನೆ ಬೆಚ್ಚಗಿಡುವ ಬಾಯ್ಲರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ ದುಡ್ಡಿಗಾಗಿ ಒಲೆ ಆರಿಸುವುದು ದಂಡ.

ತೀರ್ಮಾನ ಮಾಡುವುದು ಪಾತ್ರೆ. ಊರಿನಿಂದ ಬರುವಾಗ ಅಮ್ಮ ಕಟ್ಟಿಕೊಟ್ಟ ಅಲ್ಯುಮಿನಿಯಂ ಕುಕ್ಕರು, ಹಿಂಡಾಲಿಯಂ ಬಾಣಲೆ, ತೆಳು ಸ್ಟೀಲಿನ ಪಾತ್ರೆಗಳ ಮುಂದೆ ಒಂದು ಅಯಸ್ಕಾಂತ ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಅಯಸ್ಕಾಂತ ತಳಕ್ಕೆ ಅಂಟದಿದ್ದರೆ ಇಂಡಕ್ಷನ್ ಒಲೆಗೆ ಆ ಪಾತ್ರೆ ಕಾಣುವುದೇ ಇಲ್ಲ. ಬೀಡುಕಬ್ಬಿಣದ ದೋಸೆ ಹೆಂಚು ಮಾತ್ರ ಚೆನ್ನಾಗಿ ಕೂರುತ್ತದೆ, ಎತ್ತಿ ಇಡಬೇಕು, ಗಾಜಿನ ಮೇಲೆ ಎಳೆಯಬಾರದು ಅಷ್ಟೆ. ಗುಂಡುತಳದ ಬಾಣಲೆ ಕೆಲಸಕ್ಕೆ ಬಾರದು. ಹಪ್ಪಳ ಸುಡುವುದು, ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು ಕೂಡ ಉರಿಯಿಲ್ಲದೆ ಆಗದು. ಇನ್ನೊಂದು ಪಕ್ಷದ ವಾದವೂ ಗಟ್ಟಿಯೇ. ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್, ಜೊತೆಗೆ ನೀರಿನ ಹಬೆ ಎರಡೂ ಮನೆಯೊಳಗೇ ಸೇರುತ್ತವೆ. ಕಿಟಕಿ ಮುಚ್ಚಿದ ಚಳಿಗಾಲದಲ್ಲಿ, ಅದೂ ಅಸ್ತಮಾ ಇರುವ ಮಗುವಿದ್ದರೆ, ನಾನು ಇಂಡಕ್ಷನ್ನಿನ ಕಡೆ.

ಒಲೆ ಬದಲಿಸುವವರು ಗೋಡೆಯ ಹಿಂದಿನ ತಂತಿಯನ್ನೂ ಕೇಳಬೇಕು. ಇಲ್ಲಿನ ಸಾಮಾನ್ಯ ಸಾಕೆಟ್ಟು 13 ಆಂಪಿಯರಿನದು, ಅಂದರೆ ಸುಮಾರು 3 ಕಿಲೋವ್ಯಾಟ್. ನಾಲ್ಕು ಬರ್ನರಿನ ಇಂಡಕ್ಷನ್ ಒಲೆ ಪೂರ್ತಿ ಉರಿದರೆ 7 ಕಿಲೋವ್ಯಾಟ್ ಎಳೆಯುತ್ತದೆ. ಅದಕ್ಕೆ 32 ಆಂಪಿಯರಿನ ಪ್ರತ್ಯೇಕ ಲೈನು ಬೇಕು. ಸಾಕೆಟ್ಟಿಗೇ ಚುಚ್ಚುವ ಅಗ್ಗದ ಮಾದರಿಗಳೂ ಇವೆ, ಅವುಗಳಲ್ಲಿ ನಾಲ್ಕೂ ಒಲೆ ಸೇರಿ ಮೂರೇ ಕಿಲೋವ್ಯಾಟ್ ಹಂಚಿಕೊಳ್ಳಬೇಕು. ಒಂದರಲ್ಲಿ ಅನ್ನ, ಒಂದರಲ್ಲಿ ಸಾರು, ಇನ್ನೊಂದರಲ್ಲಿ ಪಲ್ಯ ಇಟ್ಟಾಗ ಎಲ್ಲವೂ ಮಂಕಾಗಿ ಕುದಿಯುತ್ತವೆ. ಗ್ಯಾಸಿನ ಕೆಲಸವನ್ನಂತೂ ಗ್ಯಾಸ್ ಸೇಫ್ ನೋಂದಣಿ ಇರುವವರೇ ಮಾಡಬೇಕು. 2009ರಲ್ಲಿ ಹಳೆಯ ಕಾರ್ಗಿ ಪಟ್ಟಿಯ ಜಾಗಕ್ಕೆ ಬಂದ ವ್ಯವಸ್ಥೆ ಅದು, ಬಂದವರ ಕಾರ್ಡು ಕೇಳುವುದರಲ್ಲಿ ಸಂಕೋಚ ಬೇಡ.

ಈಗ ಚಿಮಣಿ. ಅಡುಗೆಮನೆಯ ಪಟ್ಟಿಯಲ್ಲಿ ಎಲ್ಲರೂ ಕೊನೆಗೆ ಬರೆಯುವ, ನಾನು ಮೊದಲು ಬರೆಯಬೇಕೆನ್ನುವ ವಸ್ತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ತೂಗುವ ಚಿಮಣಿ ಗಾಳಿಯನ್ನು ಹೊರಗೆ ಹಾಕುವುದೇ ಇಲ್ಲ. ಒಳಗೆಳೆದು, ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಿ, ಮತ್ತೆ ಅಡುಗೆಮನೆಗೇ ಊದುತ್ತದೆ. ಆಲೂಗಡ್ಡೆ ಬೇಯಿಸುವ ಮನೆಗೆ ಅಷ್ಟು ಸಾಕೇನೋ. ಒಣಮೆಣಸಿನಕಾಯಿ, ಇಂಗು, ಸಾಸಿವೆ ಸಿಡಿದ ಎಣ್ಣೆಯ ಹೊಗೆಗೆ ಆ ಇದ್ದಿಲು ಎಷ್ಟು ದಿನ ತಾಳೀತು? ಅದಕ್ಕಿಂತ ಮುಖ್ಯವಾಗಿ, ಇದ್ದಿಲು ಹಬೆಯನ್ನು ಹಿಡಿಯುವುದಿಲ್ಲ. ಕುಕ್ಕರಿನ ಸೀಟಿಯಿಂದ, ಇಡ್ಲಿ ಪಾತ್ರೆಯಿಂದ ಎದ್ದ ನೀರೆಲ್ಲ ತಣ್ಣನೆ ಗೋಡೆಗೆ ಹೋಗಿ ಕೂರುತ್ತದೆ.

ಆದ್ದರಿಂದ ಹೊರಗೋಡೆಗೆ ಕೊಳವೆ ಹಾಯಿಸಿದ ಚಿಮಣಿಯೇ ಬೇಕು. ಕಟ್ಟಡ ನಿಯಮಗಳ ಎಫ್ ಭಾಗ ಹೊಸ ಅಡುಗೆಮನೆಗೆ ಕೇಳುವುದು ಒಲೆಯ ಮೇಲಿನ ಚಿಮಣಿ ಸೆಕೆಂಡಿಗೆ 30 ಲೀಟರ್ ಗಾಳಿ ಹೊರಹಾಕಬೇಕೆಂದು, ಅಂದರೆ ಗಂಟೆಗೆ 108 ಘನ ಮೀಟರ್. ನಮ್ಮ ಒಗ್ಗರಣೆಗೆ ಅದರ ಮೂರು ನಾಲ್ಕು ಪಟ್ಟು ಇದ್ದರೂ ಹೆಚ್ಚಲ್ಲ. ಕಷ್ಟವಿರುವುದು ಯಂತ್ರದ ಬೆಲೆಯಲ್ಲಲ್ಲ, ಒಂದೂವರೆ ಅಡಿ ಕಲ್ಲುಗೋಡೆಗೆ ತೂತು ಕೊರೆಸುವುದರಲ್ಲಿ. ವಜ್ರದ ಮೊನೆಯ ಡ್ರಿಲ್ ತಂದು ಕೊರೆದರೆ ಅರ್ಧ ದಿನದ ಕೆಲಸ. ಎಡ್ಜರ್ಟನ್ನಿನಂಥ ಸಂರಕ್ಷಿತ ಪ್ರದೇಶದಲ್ಲಿ ಮನೆಯಿದ್ದರೆ ಕೊರೆಯುವ ಮುಂಚೆ ಕರ್ಕ್‌ಲೀಸ್ ಕೌನ್ಸಿಲ್ಲನ್ನು ಒಂದು ಮಾತು ಕೇಳುವುದು ಕ್ಷೇಮ. ಬಣ್ಣ ಬಳಿಸುವ ಮೊದಲೇ, ಸಾಮಾನು ಜೋಡಿಸುವ ಮೊದಲೇ ಇದಾಗಬೇಕು. ಹಾಗೆಯೇ ಅಡುಗೆಮನೆಯೊಳಗೆ ಹೊಗೆಗೆ ಕೂಗುವ ಅಲಾರಂ ಇದ್ದರೆ ಅದನ್ನು ತೆಗೆಸಿ ಶಾಖಕ್ಕೆ ಕೂಗುವುದನ್ನು ಹಾಕಿಸಿ. ಟವಲು ಹಿಡಿದು ಅಲಾರಂ ಕೆಳಗೆ ಬೀಸುತ್ತಾ ನಿಲ್ಲುವುದು ತಪ್ಪುತ್ತದೆ, ಬ್ಯಾಟರಿ ಕಿತ್ತಿಡುವ ಅಪಾಯದ ಚಾಳಿಯೂ ತಪ್ಪುತ್ತದೆ.

ವಾಷಿಂಗ್ ಮಷೀನು ಇಲ್ಲಿ ಬಚ್ಚಲಲ್ಲಿ ಇರುವುದಿಲ್ಲ. ಬಚ್ಚಲಲ್ಲಿ ಸಾಕೆಟ್ಟೂ ಇಲ್ಲ, ನೆಲದಲ್ಲಿ ನೀರು ಹೋಗುವ ತೂತೂ ಇಲ್ಲ. ಅಡುಗೆಮನೆಯ ಕಟ್ಟೆಯ ಕೆಳಗೆ ಸಿಂಕಿನ ಪಕ್ಕದ 60 ಸೆಂಟಿಮೀಟರ್ ಜಾಗವೇ ಅದರದು, ಹಾಗಾಗಿ ಮುಂದಿನಿಂದ ಬಟ್ಟೆ ತುಂಬುವ ಮಾದರಿಯೇ ಗತಿ. ಮೇಲಿನಿಂದ ತುಂಬುವುದಕ್ಕೆ ಒಗ್ಗಿದವರು ಕೆಲ ದಿನ ಗೊಣಗುತ್ತಾರೆ. ಹಡರ್ಸ್‌ಫೀಲ್ಡ್ ಮಾತ್ರ ಇವರಿಗೆ ದೊಡ್ಡ ಉಪಕಾರ ಮಾಡಿದೆ: ನೀರು ಮೆದು. ಪೆನೈನ್ ಬೆಟ್ಟಗಳ ಜಲಾಶಯಗಳಿಂದ ಬರುವ ನೀರಿನಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಎಂ62 ಹೆದ್ದಾರಿ ಸ್ಕ್ಯಾಮಂಡನ್‌ನಲ್ಲಿ ಅಂಥದೊಂದು ಜಲಾಶಯದ ಅಣೆಕಟ್ಟಿನ ಮೇಲೆಯೇ ಹಾದುಹೋಗುತ್ತದೆ. ಉಣ್ಣೆ ತೊಳೆಯಲು ಹೇಳಿ ಮಾಡಿಸಿದ ನೀರು, ಈ ಕಣಿವೆಯಲ್ಲಿ ಗಿರಣಿಗಳು ನೆಲೆಯೂರಿದ್ದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಯಂತ್ರ ಕೆಡಿಸಿಕೊಂಡವರು ಅದೇ ಹೆದರಿಕೆಯಲ್ಲಿ ಇಲ್ಲಿ ಪುಡಿ ಸುರಿಯುತ್ತಾರೆ. ಸೋಪಿನ ಪೊಟ್ಟಣದ ಹಿಂಬದಿಯಲ್ಲಿ ಮೆದು, ಮಧ್ಯಮ, ಗಡಸು ಎಂದು ಮೂರು ಸಾಲಿನ ಅಳತೆಯಿರುತ್ತದೆ, ನಮ್ಮದು ಮೊದಲನೆಯ ಸಾಲು. ಹೆಚ್ಚು ಹಾಕಿದರೆ ನೊರೆ ತುಂಬಿ ಬಟ್ಟೆ ಜಾಲಾಡದೆ ಉಳಿಯುತ್ತದೆ. ಸುಣ್ಣ ತಡೆಯುವ ಪುಡಿ, ಮಾತ್ರೆ ಯಾವುದೂ ಬೇಡ.

ಆದರೆ ಒಗೆದ ಬಟ್ಟೆ ಎಲ್ಲಿ ಒಣಗಬೇಕು? ಹಾಸನದಿಂದ ಬಂದ ತಾಯಿಯೊಬ್ಬರು ಮಗನ ಹೊಸ ಮನೆಯನ್ನೆಲ್ಲ ಸುತ್ತಿ ನೋಡಿ ಕೇಳಿದ ಮೊದಲ ಪ್ರಶ್ನೆಯೇ ಅದು: “ಮನೆಯೇನೋ ಚೆನ್ನಾಗಿದೆ ಕಣಪ್ಪ, ಬಟ್ಟೆ ಎಲ್ಲಿ ಒಣಗ್ಹಾಕ್ತೀರಿ?” ಮಗ ರೇಡಿಯೇಟರ್ ತೋರಿಸಿದ. ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಬಂದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವಂತೆಯೇ ಇದೂ. ಅಲ್ಲಿ ಹಂಚಿನ ಸಂದಿಯಿಂದ ಹಬೆ ಹೊರಟುಹೋಗುತ್ತದೆ, ಇಲ್ಲಿ ಎರಡು ಗಾಜಿನ ಕಿಟಕಿ ಅದನ್ನು ಒಳಗೇ ಕೂಡಿಹಾಕುತ್ತದೆ. ಲೆಕ್ಕ ನೋಡಿ: 5 ಕಿಲೋ ಬಟ್ಟೆಯನ್ನು 1400 ಸುತ್ತಿನ ವೇಗದಲ್ಲಿ ಹಿಂಡಿದರೂ ಅದರಲ್ಲಿ ಸುಮಾರು ಎರಡೂವರೆ ಲೀಟರ್ ನೀರು ಉಳಿದಿರುತ್ತದೆ. ವಾರಕ್ಕೆ ಮೂರು ಸಲ ಒಗೆದರೆ ಏಳು ಲೀಟರಿಗೂ ಹೆಚ್ಚು ನೀರನ್ನು ಮಲಗುವ ಕೋಣೆಯ ಗಾಳಿಗೆ ಸುರಿದಂತೆ.

ಬೂಷ್ಟು ಬರಿಯ ಅಸಹ್ಯದ ವಿಷಯವಲ್ಲ. ಬೆಟ್ಟದಾಚೆಯ ರಾಚ್‌ಡೇಲ್‌ನಲ್ಲಿ 2020ರಲ್ಲಿ ಅವಾಬ್ ಎಂಬ ಎರಡು ವರ್ಷದ ಮಗು ಬಾಡಿಗೆ ಮನೆಯ ಬೂಷ್ಟಿನಿಂದ ತೀರಿಕೊಂಡಿತು. ಮನೆಯವರ ಜೀವನಶೈಲಿಯೇ ಕಾರಣವೆಂದು ಕೈತೊಳೆದುಕೊಳ್ಳುವ ಮಾಲೀಕರ ಧೋರಣೆಗೆ ಆ ಸಾವು ತಡೆ ಹಾಕಿತು, 2023ರ ಕಾಯ್ದೆಯಲ್ಲಿ ಮಗುವಿನ ಹೆಸರಿನ ನಿಯಮವೇ ಸೇರಿತು. ಸ್ವಂತ ಮನೆಯಲ್ಲಿ ದೂರಲು ಬೇರೆ ಮಾಲೀಕನಿರುವುದಿಲ್ಲ.

ಒಣಗಿಸುವ ಯಂತ್ರಗಳಲ್ಲಿ ಮೂರು ಜಾತಿ. ಬಿಸಿಗಾಳಿಯನ್ನು ಕೊಳವೆಯಲ್ಲಿ ಹೊರಗೆ ಬಿಡುವುದು, ಹಬೆಯನ್ನು ನೀರಾಗಿಸಿ ಡಬ್ಬಿಯಲ್ಲಿ ಹಿಡಿಯುವ ಕಂಡೆನ್ಸರ್, ಅದೇ ಶಾಖವನ್ನು ಮತ್ತೆ ಮತ್ತೆ ಬಳಸುವ ಹೀಟ್ ಪಂಪ್. ತುಂಬು ಎಂಟು ಕಿಲೋ ಬಟ್ಟೆಗೆ ಕಂಡೆನ್ಸರ್ ನಾಲ್ಕೂವರೆ ಯೂನಿಟ್ ತಿಂದರೆ ಹೀಟ್ ಪಂಪಿಗೆ ಎರಡರ ಸುಮಾರು ಸಾಕು. ವಾರಕ್ಕೆ ಮೂರು ಸಲವೆಂದರೆ ವರ್ಷಕ್ಕೆ ತೊಂಬತ್ತರಿಂದ ನೂರು ಪೌಂಡ್ ಉಳಿತಾಯ, ಹೆಚ್ಚಿಗೆ ಕೊಟ್ಟ ಬೆಲೆ ಎರಡು ಮೂರು ವರ್ಷದಲ್ಲಿ ವಾಪಸು. ಫ್ರಿಜ್ಜಿನಲ್ಲಿ ದಕ್ಕದ ಲೆಕ್ಕ ಇಲ್ಲಿ ದಕ್ಕುತ್ತದೆ. ಹೀಟ್ ಪಂಪಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ, ತಣ್ಣನೆಯ ನೆಲಮಾಳಿಗೆಯಲ್ಲಿ ಇನ್ನೂ ನಿಧಾನ. ಒಗೆಯುವುದೂ ಒಣಗಿಸುವುದೂ ಒಂದೇ ಡಬ್ಬದಲ್ಲಿರುವ ಯಂತ್ರವನ್ನು ಜಾಗವೇ ಇಲ್ಲದವರು ಮಾತ್ರ ಕೊಳ್ಳಬೇಕು. ಒಂಬತ್ತು ಕಿಲೋ ಒಗೆದರೆ ಒಣಗಿಸುವುದು ಐದಾರು ಕಿಲೋ, ಉಳಿದದ್ದು ಮತ್ತೆ ರೇಡಿಯೇಟರಿಗೇ. ಡ್ರೈಯರಿಗೆ ಈಗಲೇ ದುಡ್ಡಿಲ್ಲವೆಂದರೆ ಒಂದು ಪುಟ್ಟ ಕೋಣೆಯ ಬಾಗಿಲು ಮುಚ್ಚಿ, ಬಟ್ಟೆ ಹರವಿ, ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಹಚ್ಚಿಡಿ. ಅದರ ತೊಟ್ಟಿಯಲ್ಲಿ ತುಂಬುವ ನೀರನ್ನು ಕಣ್ಣಾರೆ ಕಂಡವರು ರೇಡಿಯೇಟರ್ ಮೇಲೆ ಬಟ್ಟೆ ಹಾಕುವುದಿಲ್ಲ.

ಡ್ರೈಯರಿನ ಇನ್ನೊಂದು ಮುಖ ಬೆಂಕಿ. ನೂಲಿನ ಜೊಂಡು ಬಿಸಿ ಸುರುಳಿಗೆ ತಾಗಿ ಉರಿಯುವ ದೋಷವಿದೆಯೆಂದು ವರ್ಲ್‌ಪೂಲ್ 2015ರಲ್ಲಿ ಒಪ್ಪಿಕೊಂಡಿತು. ಹಾಟ್‌ಪಾಯಿಂಟ್, ಇಂಡೆಸಿಟ್ ಮುಂತಾದ ಹೆಸರುಗಳಲ್ಲಿ ಮಾರಿದ ಯಂತ್ರಗಳು ಅವು. ಪೂರ್ತಿ ಹಿಂದಕ್ಕೆ ಕರೆಸಿಕೊಂಡದ್ದು 2019ರಲ್ಲಿ. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಪರ್ಡ್ಸ್ ಬುಷ್‌ನ ಎತ್ತರದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದದ್ದು ಡ್ರೈಯರಿನಿಂದ. 72 ಜನ ಸತ್ತ 2017ರ ಗ್ರೆನ್‌ಫೆಲ್ ದುರಂತದ ಕಿಡಿ ಹೊತ್ತಿದ್ದು ಒಂದು ಅಡುಗೆಮನೆಯ ಫ್ರಿಜ್ಜಿನಲ್ಲಿ, ಇಡೀ ಗೋಪುರಕ್ಕೆ ಹಬ್ಬಿದ್ದು ಗೋಡೆಯ ಹೊದಿಕೆಯಿಂದ. ಹಿಂದಿನ ಮಾಲೀಕರು ಪುಕ್ಕಟೆ ಬಿಟ್ಟುಹೋದ ಯಂತ್ರವಿದ್ದರೆ ಮಾದರಿ ಸಂಖ್ಯೆಯನ್ನು ಹಿಂಪಡೆದ ಪಟ್ಟಿಯಲ್ಲಿ ನೋಡದೆ ಸ್ವಿಚ್ ಒತ್ತಬೇಡಿ. ಡ್ರೈಯರ್ ಹಚ್ಚಿ ಮಲಗುವ ಅಭ್ಯಾಸವೂ ಬೇಡ.

ಪಾತ್ರೆ ತೊಳೆಯುವ ಯಂತ್ರದ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ. ಸ್ಟೀಲ್ ತಟ್ಟೆ ಲೋಟ ಚೆನ್ನಾಗಿ ಬೆಳಗುತ್ತವೆ, ಅಲ್ಯುಮಿನಿಯಂ ಕಪ್ಪಾಗುತ್ತದೆ, ದೋಸೆ ಹೆಂಚನ್ನು ಒಳಗಿಟ್ಟರೆ ವರ್ಷಗಟ್ಟಲೆ ಎಣ್ಣೆ ಉಣ್ಣಿಸಿ ಪಳಗಿಸಿದ್ದು ಒಂದೇ ದಿನದಲ್ಲಿ ಹೋಗುತ್ತದೆ. ಎರಡನೆಯ ವರ್ಷಕ್ಕೆ ಕೊಂಡರಾಯಿತು.

ಕೊಳ್ಳುವ ವಿಧಾನದಲ್ಲಿ ಮಾತ್ರ ಅವಸರ ಬೇಡ. ಸಾಮಾನು ಕೆಟ್ಟರೆ ಅಂಗಡಿಯವರು ತಯಾರಕರ ಫೋನ್ ನಂಬರ್ ಕೊಟ್ಟು ಜಾರಿಕೊಳ್ಳುತ್ತಾರೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ಹೊಣೆ ಮಾರಿದವರದೇ. ದೋಷವಿದ್ದರೆ 30 ದಿನದೊಳಗೆ ವಾಪಸು ಕೊಟ್ಟು ಪೂರ್ತಿ ಹಣ ಕೇಳಬಹುದು, ಮೊದಲ ಆರು ತಿಂಗಳಲ್ಲಿ ಕೆಟ್ಟರೆ ದೋಷ ಮೊದಲಿನಿಂದ ಇರಲಿಲ್ಲವೆಂದು ಸಾಬೀತು ಮಾಡಬೇಕಾದವರು ಅವರು. ಆನ್‌ಲೈನಿನಲ್ಲಿ ಕೊಂಡದ್ದಕ್ಕೆ ಮನಸ್ಸು ಬದಲಿಸಲು 14 ದಿನ. ನೂರು ಪೌಂಡ್ ಮೀರಿದ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ವಿಧಿಯಡಿ ಬ್ಯಾಂಕೂ ಹೊಣೆ. ಅಂಗಡಿ ಮುಳುಗಿದರೂ ದುಡ್ಡು ಮುಳುಗದು. ಇಷ್ಟೆಲ್ಲ ಇರುವಾಗ ಗಲ್ಲಾದಲ್ಲಿ ಒತ್ತಾಯಿಸಿ ಮಾರುವ ಐದು ವರ್ಷದ ಹೆಚ್ಚುವರಿ ವಾರಂಟಿಗೆ ನಾನು ಕಾಸು ಬಿಚ್ಚುವುದಿಲ್ಲ. ಸಾಲದ ಇತಿಹಾಸವಿಲ್ಲದ ಹೊಸಬರು ವಾರಕ್ಕಿಷ್ಟು ಎಂದು ಕಟ್ಟುವ ಬಾಡಿಗೆ ಖರೀದಿಯಿಂದ ದೂರವಿರಬೇಕು. ಆ ದಂಧೆಯಲ್ಲಿ ಹೆಸರಾಗಿದ್ದ ಬ್ರೈಟ್‌ಹೌಸ್ 2020ರಲ್ಲಿ ಮುಳುಗಿತು, ಅಷ್ಟರಲ್ಲಿ ಬಡವರು ಒಂದು ವಾಷಿಂಗ್ ಮಷೀನಿಗೆ ಅದರ ಬೆಲೆಯ ಎಷ್ಟೋ ಪಟ್ಟು ಕಟ್ಟಿಯಾಗಿತ್ತು. ಅದಕ್ಕಿಂತ ಬ್ರಿಟಿಷ್ ಹಾರ್ಟ್ ಫೌಂಡೇಶನ್ನಿನಂಥ ದತ್ತಿ ಸಂಸ್ಥೆಗಳ ಅಂಗಡಿಯಲ್ಲಿ ವಿದ್ಯುತ್ ಪರೀಕ್ಷೆ ಮಾಡಿಟ್ಟ ಹಳೆಯ ಯಂತ್ರ ಒಳ್ಳೆಯದು.

ಸಾಗಿಸಿ ತರುವವರು “ಕೋಣೆಯವರೆಗೆ” ಎಂದು ಒಪ್ಪಿದ್ದರೂ ನೆಲಮಾಳಿಗೆಯ ಕಡಿದಾದ ಕಲ್ಲುಮೆಟ್ಟಿಲು ಕಂಡ ಕೂಡಲೇ ತಲೆಯಾಡಿಸಿ ಹೊರಟುಬಿಡಬಹುದು. ಆರ್ಡರ್ ಮಾಡುವಾಗಲೇ ಮೆಟ್ಟಿಲ ವಿಷಯ ಬರೆಸಿ, ಹಳೆಯದನ್ನು ಒಯ್ಯುವ ಏರ್ಪಾಡನ್ನೂ ಸೇರಿಸಿ. ಹೊಸ ವಾಷಿಂಗ್ ಮಷೀನಿನ ಬೆನ್ನಿಗೆ ಸಾಗಣೆಯ ಬೋಲ್ಟುಗಳಿರುತ್ತವೆ. ಅವನ್ನು ಬಿಚ್ಚದೆ ತಿರುಗಿಸಿದರೆ ಯಂತ್ರ ಅಡುಗೆಮನೆ ತುಂಬ ಕುಣಿದು ಮೊದಲ ದಿನವೇ ಹಾಳಾಗುತ್ತದೆ.

ಉಳಿದದ್ದು ರುಬ್ಬುವ ಕೆಲಸ. ಎರಡೂ ದೇಶದಲ್ಲಿ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್, ಆದ್ದರಿಂದ ಊರಿನ ಮಿಕ್ಸಿ, ಕೊಯಮತ್ತೂರಿನ ಗ್ರೈಂಡರ್ ಇಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಓಡುತ್ತವೆ. ಪ್ಲಗ್ ಬದಲಿಸಿ ಸರಿಯಾದ ಫ್ಯೂಸ್ ಹಾಕಿಸಿದರೆ ಸಾಕು. ತೊಂದರೆ ಬರುವುದು ಹಿಟ್ಟು ಹುದುಗುವುದರಲ್ಲಿ. ಹಳೆಯ ಮನೆಗಳಲ್ಲಿ ಬಿಸಿನೀರಿನ ತೊಟ್ಟಿಯ ಸುತ್ತ ಒಂದು ಬೆಚ್ಚನೆಯ ಬೀರು ಇರುತ್ತಿತ್ತು, ಹಿಟ್ಟಿನ ಪಾತ್ರೆ ರಾತ್ರಿ ಅಲ್ಲಿಟ್ಟರೆ ಬೆಳಿಗ್ಗೆ ಉಕ್ಕುತ್ತಿತ್ತು. ಕಾಂಬಿ ಬಾಯ್ಲರ್ ಬಂದ ಮೇಲೆ ತೊಟ್ಟಿಯೂ ಹೋಯಿತು, ಬೀರುವೂ ಹೋಯಿತು. ಆದ್ದರಿಂದ ಓವನ್ ಕೊಳ್ಳುವಾಗ ಗ್ರಿಲ್ಲು, ಉಗಿ, ವೈಫೈಗಳ ಪಟ್ಟಿಗಿಂತ ಮೊದಲು ಅದರ ಅತಿ ಕಡಿಮೆ ಶಾಖ ಎಷ್ಟು ಎಂದು ಕೇಳಿ. 30ರಿಂದ 40 ಡಿಗ್ರಿಯಲ್ಲಿ ನಿಲ್ಲುವ, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ವ್ಯವಸ್ಥೆಯಿರುವ ಓವನ್ನುಗಳಿವೆ. 50ರಿಂದ ಶುರುವಾಗುವ ಓವನ್ನಾದರೆ ಹೊತ್ತಿಸದೆ ಒಳಗಿನ ದೀಪ ಮಾತ್ರ ಉರಿಸಿಟ್ಟು ಬಾಗಿಲು ಮುಚ್ಚಿ. ಎಲ್‌ಇಡಿ ದೀಪವಿದ್ದರೆ ಅದೂ ಬೆಚ್ಚಗಾಗದು, ಒಂದು ಪಾತ್ರೆ ಬಿಸಿನೀರು ಜೊತೆಗಿಡಬೇಕಾಗುತ್ತದೆ.